ಹೊಳೆಯಾಚೆಯ ಮದುಮಗ ಮತ್ತು ತಮ್ಮ ಸಿಮೆಂಟು ಕಪ್ಪೆ

ಮಾನ್ಯ ಉದ್ಯಾನ ಯೋಜನಾಧಿಕಾರಿಗಳೇ,

ಇವತ್ತು ಷಷ್ಠಿ, ನನಗೆ ಒಪ್ಪೊತ್ತು. ಬೆಳಿಗ್ಗೆ ಹಾಲು ಕರೆದು ಸೊಸೈಟಿಗೆ ಕಳಿಸಿ, ಅಂಗಳ ಗುಡಿಸಿ, ತುಳಸಿಗೆ ನೀರೆರೆದು, ಸುಬ್ರಾಯ ದೇವರಿಗೆ ದೀಪ ಹಚ್ಚಿ ಈ ಕಾಗದಕ್ಕೆ ಕೂತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬರೆದದ್ದು ಎಲ್ಲಿಯಾದರೂ ಖಾರವಾಗಿ ಕಂಡರೆ ಅದನ್ನು ವ್ರತದ ತಲೆಗೆ ಕಟ್ಟಿ ನನ್ನನ್ನು ಬಿಟ್ಟುಬಿಡಬೇಕು. ಹಾವುಗಳ ಒಡೆಯನಾದ ದೇವರ ಹೆಸರಿನಲ್ಲಿ ಉಪವಾಸವಿದ್ದು, ಹಾವುಗಳ ಊಟದ ಪರವಾಗಿ ಅರ್ಜಿ ಬರೆಯುತ್ತಿದ್ದೇನೆ ಎಂಬುದು ನನಗೂ ಗೊತ್ತು. ದೀಪದ ಮುಂದೆ ಅದನ್ನು ಹೇಳಿಯೇ ಎದ್ದು ಬಂದೆ. ತಮ್ಮ ಕಚೇರಿಯ ಹಾಗೆ ಅಲ್ಲಿಯೂ ಉತ್ತರ ನಿಧಾನ, ಆದರೆ ಅಲ್ಲಿ ಕೇಳಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಉಂಟು.

ದೂರು ಇಷ್ಟೇ. ಮುಳ್ಳೇರಿಯದಿಂದ ರಿಕ್ಷಾ ಹಿಡಿದು ಗುಡ್ಡ ಹತ್ತಿದರೆ ಸಿಗುವ ನಮ್ಮ ಪಾರೆಯಲ್ಲಿ ಒಂದು ಪಳ್ಳ ಉಂಟು. ತಾವು ಈ ಕಡೆಗೆ ಹೊಸಬರಾದ್ದರಿಂದ ಹೇಳುತ್ತೇನೆ: ಪಾರೆ ಎಂದರೆ ಮುರಕಲ್ಲಿನ, ಅಂದರೆ ಒರಟು ಕೆಂಪುಕಲ್ಲಿನ ಬೋಳು ಬಯಲು, ಪಳ್ಳ ಎಂದರೆ ಆ ಬಯಲಿನ ತಗ್ಗಿನಲ್ಲಿ ಮಳೆನೀರು ನಿಲ್ಲುವ ಹೊಂಡ. ಆ ಪಳ್ಳವನ್ನು ಈ ಮಳೆಗಾಲಕ್ಕೆ ಮೊದಲೇ ಮಣ್ಣು ತುಂಬಿ ಸಮ ಮಾಡಿ, ಇಂಟರ್‌ಲಾಕ್ ಹಾಸಿ, ಅದರ ಮೇಲೆ 'ಜೀವವೈವಿಧ್ಯ ಉದ್ಯಾನ' ಕಟ್ಟಲು ತಮ್ಮ ಕಚೇರಿ ತೀರ್ಮಾನಿಸಿದೆ. ರಸ್ತೆ ಬದಿಯಲ್ಲಿ ತಾವು ನಿಲ್ಲಿಸಿದ ಬೋರ್ಡಿನಲ್ಲಿ ಚಿತ್ರವೂ ಉಂಟು. ಬಾಗಿಲಲ್ಲಿ ಆಳೆತ್ತರದ ಸಿಮೆಂಟು ಕಪ್ಪೆಯೊಂದು ಬಾಯಿ ತೆರೆದು ಕೂತಿದೆ, ಬಂದವರು ಐಸ್‌ಕ್ರೀಮಿನ ಕಾಗದವನ್ನು ಅದರ ಬಾಯಿಗೆ ಹಾಕಬೇಕಂತೆ. ಜೀವ ಇರುವ ಕಪ್ಪೆಗಳನ್ನು ಮಣ್ಣಿನಡಿ ಮುಚ್ಚಿ, ಅದೇ ಜಾಗದಲ್ಲಿ ಸಿಮೆಂಟಿನ ಕಪ್ಪೆಗೆ ಕಸ ತಿನ್ನಿಸಿ, ಅದಕ್ಕೆ ಜೀವವೈವಿಧ್ಯ ಎಂದು ಹೆಸರಿಡಲು ತಮ್ಮ ಕಚೇರಿಯಲ್ಲಿ ಎಷ್ಟು ಜನ ಕೂತು ಯೋಚಿಸಬೇಕಾಯಿತೋ ತಿಳಿಯದು. ನಾನೊಬ್ಬಳೇ ಆಗಿದ್ದರೆ ಖಂಡಿತ ಹೊಳೆಯುತ್ತಿರಲಿಲ್ಲ.

ಇದರ ಬಗ್ಗೆ ಮೊದಲೇ ಒಂದು ಅರ್ಜಿ ಕೊಟ್ಟಿದ್ದೆ. ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಉತ್ತರ ಮಲಯಾಳದಲ್ಲಿ ಬಂತು. ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ನನಗೂ ಬರುತ್ತದೆ, ಆದರೆ ತಮ್ಮ ಕಚೇರಿಯ ಮಲಯಾಳ ಬಸ್ಸು ಹತ್ತುವ ಬಗೆಯದಲ್ಲ. ಕೊನೆಗೆ ನನ್ನ ಅಣ್ಣನ ಮಗಳು ದೀಪ್ತಿ ಓದಿ ಹೇಳಿದಳು. ಅವಳು ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರದ ದೊಡ್ಡ ಪರೀಕ್ಷೆಗೆ ಓದುತ್ತಿದ್ದಾಳೆ. ಉತ್ತರದ ಸಾರಾಂಶ ಹೀಗೆ: ಸದರಿ ಸ್ಥಳವನ್ನು ಮಾರ್ಚ್ ತಿಂಗಳಿನಲ್ಲಿ ಪರಿಶೀಲಿಸಲಾಗಿದ್ದು ಅಲ್ಲಿ ಯಾವುದೇ ಜಲಮೂಲ ಕಂಡುಬಂದಿಲ್ಲ. ಅಲ್ಲಿ ಕಪ್ಪೆಗಳಿವೆ ಎಂಬ ಅರ್ಜಿದಾರಳ ಮಾತನ್ನು ಒಪ್ಪಿದರೂ ಅವು ಸಾಮಾನ್ಯ ಕಪ್ಪೆಗಳು. ಹೊಳೆಯಾಚೆಯ ಪಾರೆಯಲ್ಲಿ ಅವೇ ಕಪ್ಪೆಗಳು ಧಾರಾಳವಾಗಿರುವುದರಿಂದ ಅಗತ್ಯವೆನಿಸಿದರೆ ಇಲ್ಲಿಯವನ್ನು ಅಲ್ಲಿಗೆ ಸ್ಥಳಾಂತರಿಸಲಾಗುವುದು.

'ಅವೇ ಕಪ್ಪೆಗಳು.' ಮಾನ್ಯರೇ, ನನ್ನ ಜಗಳ ಈ ಎರಡು ಪದಗಳ ಜೊತೆ. ಇದೇ ಎರಡು ಪದಗಳನ್ನು ನಂಬಿ ಹೋದ ವರ್ಷ ನಾನು ಊರಿನ ಮುಂದೆ ನಗೆಪಾಟಲಾದವಳು. ಆ ಕಥೆಯನ್ನು ತಾವು ಕೇಳಲೇಬೇಕು, ಯಾಕೆಂದರೆ ನಾನು ಎರಡು ಕಪ್ಪೆಗಳಿಗೆ ಮಾಡಿದ್ದನ್ನು ತಾವು ಒಂದು ಇಡೀ ಪಳ್ಳಕ್ಕೆ ಮಾಡಲು ಹೊರಟಿದ್ದೀರಿ.

ನಮ್ಮ ಕಡೆ ಕೆಲವು ಒಳ್ಳೆಯ ಸಂಬಂಧಗಳನ್ನು ಕೂಡಿಸಿದವಳು ನಾನು. ಅದು ನನ್ನ ಕಸುಬಲ್ಲ, ಚಟ. ತುಳುವರಾದ ನಮ್ಮಲ್ಲಿ ಸಂಬಂಧದ ಮಾತು ಬಂದಾಗ ಜಾತಕಕ್ಕೂ ಮೊದಲು ಕೇಳುವುದು ಬರಿ. ಬರಿ ಎಂದರೆ ತಾಯಿಯ ಕಡೆಯಿಂದ ಇಳಿದು ಬರುವ ಕುಲ. ಹುಡುಗ ಹುಡುಗಿ ಒಂದೇ ಬರಿಯವರಾದರೆ ಅಣ್ಣ ತಂಗಿಯ ಲೆಕ್ಕ, ಮದುವೆ ಕೂಡದು. ಹುಡುಗ ಗಲ್ಫಿನಲ್ಲಿರಲಿ, ಹುಡುಗಿಗೆ ಸರಕಾರಿ ಕೆಲಸವಿರಲಿ, ಬರಿ ಒಂದೇ ಎಂದು ಗೊತ್ತಾದ ಮೇಲೆ ಚಹಾ ಕುಡಿದು ಎದ್ದು ಬರುವುದೇ ಕ್ರಮ.

ಹೋದ ವರ್ಷ ಮಳೆ ಬಂದ ಹಾಗೆ ಮಾಡಿ ನಿಂತುಹೋಯಿತು. ಪಳ್ಳದಲ್ಲಿ ನಿಂತಿದ್ದ ನೀರು ದಿನದಿಂದ ದಿನಕ್ಕೆ ಇಳಿಯುತ್ತಿತ್ತು, ಗದ್ದೆಯವರ ಮುಖವೂ ಅದರ ಜೊತೆಗೆ ಇಳಿಯುತ್ತಿತ್ತು. ಆಗ ನಮ್ಮ ನೆರೆಮನೆಯ ಹಿರಿಯರು ಲೋಕಯ್ಯಣ್ಣ ಮೊಬೈಲು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು.

"ಲೋಲಾಕ್ಷಿ, ಕಪ್ಪೆಗೆ ಮದುವೆ ಮಾಡಿಸಿದರೆ ಮಳೆ ಬರುತ್ತದಂತೆ. ಇಲ್ಲಿ ನೋಡು, ವಿಡಿಯೊ ಉಂಟು."

"ಅದು ನಮ್ಮ ಕಡೆಯ ಕ್ರಮ ಅಲ್ಲ ಲೋಕಯ್ಯಣ್ಣ."

"ನಮ್ಮ ಕಡೆಯ ಕ್ರಮದಲ್ಲಿ ಕೇಳಿ ಆಯಿತಲ್ಲ, ಬರಲಿಲ್ಲವಲ್ಲ. ಒಮ್ಮೆ ಅವರ ಕ್ರಮದಲ್ಲಿ ಕೇಳಿ ನೋಡುವ. ಬೇಗ ಆಗಬೇಕು, ಇನ್ನು ಆಟಿ ಹಿಡಿದರೆ ಮದುವೆ ಇಲ್ಲ."

ಆಟಿ ತಿಂಗಳಲ್ಲಿ ನಮ್ಮಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಅದು ಕಪ್ಪೆಗೂ ಅನ್ವಯಿಸುತ್ತದೆಯೋ ಎಂದು ಆ ಹೊತ್ತಿಗೆ ಯಾರಿಗೂ ಕೇಳಲು ತೋಚಲಿಲ್ಲ. ಮದುವೆ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ನನಗೂ ಸುಮ್ಮನಿರಲು ಆಗಲಿಲ್ಲ.

"ಹುಡುಗಿ ಎಲ್ಲಿಯದು?" ಎಂದು ಕೇಳಿದೆ.

"ಇಲ್ಲಿಯದೇ, ನಮ್ಮ ಪಳ್ಳದ್ದು."

"ಹುಡುಗ?"

"ಅವನೂ ಇಲ್ಲಿಯವನೇ. ಬೇಕಾದಷ್ಟು ಬಿದ್ದಿದ್ದಾರಲ್ಲ."

"ಒಂದೇ ಪಳ್ಳದ್ದಾದರೆ ಬರಿ ಒಂದೇ ಆಗುವುದಿಲ್ಲವಾ? ಅಣ್ಣ ತಂಗಿಗೆ ಧಾರೆ ಎರೆದರೆ ಮಳೆ ಬರುವುದು ಬಿಡಿ, ಇರುವ ಮೋಡವೂ ಮಂಜೇಶ್ವರದ ಕಡೆಗೆ ಓಡೀತು."

ಲೋಕಯ್ಯಣ್ಣನ ಮುಖ ಗಂಭೀರವಾಯಿತು. ಎಂಥ ಅನಾಹುತ ತಪ್ಪಿಸಿದೆ ಎಂದು ನನಗೂ ಹೆಮ್ಮೆಯಾಯಿತು. ರಿಕ್ಷಾದ ಯೋಗೀಶನನ್ನು ಕರೆಸಿದೆವು. ಅವನ ಹೆಂಡತಿಯ ಮನೆ ಹೊಳೆಯ ಆಚೆ ದಡದಲ್ಲಿ, ಅಲ್ಲಿಯೂ ನಮ್ಮಂಥದೇ ಪಾರೆ, ನಮ್ಮಂಥದೇ ಪಳ್ಳ. ಸೇತುವೆ ಸುತ್ತಿ ಹೋದವನು ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ಮದುಮಗನನ್ನು ಕೂರಿಸಿಕೊಂಡು ಬಂದ. "ದಿಬ್ಬಣ ಬಂತು, ಬಾಡಿಗೆ ಯಾರು ಕೊಡುವುದು, ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?" ಎಂದು ಕೇಳಿದ. ಹುಡುಗ ಹುಡುಗಿಯನ್ನು ಒಂದೇ ಹರಿವಾಣದಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಒದ್ದೆ ಕಲ್ಲಿನ ಬಣ್ಣ, ಬೆನ್ನಿನ ಮೇಲೆ ಹುಲ್ಲುಕಡ್ಡಿಯಂಥ ಬಿಳಿ ಗೆರೆ, ಕಣ್ಣಿನ ಹೊಳಪು, ಯಾವುದರಲ್ಲಿಯೂ ವ್ಯತ್ಯಾಸ ಇಲ್ಲ. ಹುಡುಗನ ಗಂಟಲಿನಲ್ಲಿ ಕಪ್ಪು ಉಂಟು, ಹುಡುಗಿಯ ಹೊಟ್ಟೆ ಸ್ವಲ್ಪ ದಪ್ಪ, ಅಷ್ಟೇ. "ಜೋಡಿ ಎಂದರೆ ಇದು" ಎಂದು ಎಲ್ಲರ ಮುಂದೆ ಹೇಳಿದವಳು ನಾನು. ಮಾನ್ಯರೇ, ತಮ್ಮ ಪರಿಶೀಲನಾ ತಂಡದವರು ಎರಡು ಕಡೆಯ ಕಪ್ಪೆಗಳ ಫೋಟೊ ಪಕ್ಕಪಕ್ಕ ಇಟ್ಟು ನೋಡಿದಾಗ ಹೇಳಿದ್ದೂ ಬಹುಶಃ ಇದನ್ನೇ. ಆದ್ದರಿಂದ ಅವರ ಮೇಲೆ ನನಗೆ ಸಿಟ್ಟಿಲ್ಲ, ನೆಂಟಸ್ತಿಕೆಯೇ ಉಂಟು.

ಅರಿಶಿನ ಹಚ್ಚಿ, ತುಳಸಿ ಎಲೆ ಮುಟ್ಟಿಸಿ, ಸೇಸೆ ಹಾಕಿ, ಇಬ್ಬರನ್ನೂ ಪಳ್ಳಕ್ಕೆ ಬಿಟ್ಟೆವು. ಬೆಲ್ಲ ಅವಲಕ್ಕಿ ಹಂಚಿದೆವು. ಅದೇ ಸಂಜೆ ದೀಪ್ತಿ ರಜೆಗೆಂದು ಬಂದಳು. ವಿಷಯ ಕೇಳಿದವಳು ಚೀಲವನ್ನೂ ಕೆಳಗಿಡಲಿಲ್ಲ.

"ಮಾಮಿ, ಕಪ್ಪೆ ಚರ್ಮದಲ್ಲಿಯೂ ಉಸಿರಾಡುತ್ತದೆ. ಅದಕ್ಕೆ ಅರಿಶಿನ ಮೆತ್ತಿದ್ದೀರಲ್ಲ."

"ಮದುಮಗಳಿಗೆ ಅರಿಶಿನ ಹಚ್ಚದೆ ಮತ್ತೆ ಪೌಡರು ಹಚ್ಚುವುದಾ?"

"ಬನ್ನಿ, ಹುಡುಕಿ ತೊಳೆದು ಬಿಡುವ. ಯಾವ ಪಳ್ಳದ್ದನ್ನು ತಂದಿರಿ?"

ಹೇಳಿದೆ. ಅವಳು ನನ್ನನ್ನೊಮ್ಮೆ ನೋಡಿ ಟಾರ್ಚು ತೆಗೆದುಕೊಂಡಳು. ಪಾರೆ ಹತ್ತುವಾಗ ಮುಸ್ಸಂಜೆ. ನಮ್ಮ ಪಳ್ಳದ ಗಂಡುಗಳೆಲ್ಲ ಶುರು ಮಾಡಿದ್ದವು. ಅವುಗಳ ಕೂಗು ನನಗೆ ಹುಟ್ಟಿದಾಗಿನಿಂದ ಗೊತ್ತು, ತೆಂಗಿನಕಾಯಿ ತುರಿದ ಹಾಗೆ ಕರ್ರ್ ಕರ್ರ್ ಎಂದು. ಅದರ ನಡುವೆ, ಒಂದು ಮೂಲೆಯಿಂದ, ಲೋಟಕ್ಕೆ ಚಮಚ ತಾಗಿಸಿದ ಹಾಗೆ ಟಿಂಕ್ ಟಿಂಕ್ ಟಿಂಕ್ ಎಂದು ಒಂದೇ ಒಂದು ಸ್ವರ ಬರುತ್ತಿತ್ತು. ಅದು ನಮ್ಮ ಮದುಮಗ. ಸಭೆಯಲ್ಲಿ ಯಾರದೋ ಮೊಬೈಲು ರಿಂಗಾದ ಹಾಗಿತ್ತು. ಮದುಮಗಳು ಅವನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು, ಬೆನ್ನಿನಲ್ಲಿ ಹಳದಿ ಕಾಣುತ್ತಿತ್ತು. ಅವನು ಕೂಗಿಯೇ ಕೂಗಿದ. ಅವಳು ಕಲ್ಲು ಕೂಗಿದರೂ ಇಷ್ಟೇ ಎಂಬಂತೆ ಕೂತಿದ್ದು, ಆಮೇಲೆ ಜಿಗಿದು ಜಿಗಿದು ತೆಂಗಿನಕಾಯಿ ತುರಿಯುವವನೊಬ್ಬನ ಹತ್ತಿರ ಹೋದಳು. ಮುಂದಿನದ್ದನ್ನು ದೀಪ್ತಿಯೇ ಟಾರ್ಚು ಹಾಕಿ ತೋರಿಸಿದಳು. ಬೆನ್ನಿನ ಅರಿಶಿನ ನಮ್ಮದೇ, ಬೆನ್ನ ಮೇಲೆ ಕೂತವನು ಬೇರೆ.

"ಮಾಮಿ, ನೀವು ಬೇರೆ ಬರಿ ಹುಡುಕಲು ಹೋಗಿ ಬೇರೆ ಪ್ರಭೇದವನ್ನೇ ತಂದಿದ್ದೀರಿ ಅಂತ ಕಾಣುತ್ತದೆ" ಎಂದಳು ದೀಪ್ತಿ.

ಇಬ್ಬರ ಅರಿಶಿನವನ್ನೂ ತೊಳೆದು, ಮದುಮಗನನ್ನು ಹಿಡಿದುಕೊಂಡು ಇಳಿದೆವು. ಬೆಳಿಗ್ಗೆ ಯೋಗೀಶ ಅವನನ್ನು ಅದೇ ಡಬ್ಬಿಯಲ್ಲಿ ಹೊಳೆಯಾಚೆಗೆ ಮುಟ್ಟಿಸಿ ಬಂದ. ಮಳೆ ಏನೋ ಸಂಜೆಗೆ ಜೋರಾಗಿಯೇ ಬಂತು. ಕೊಡೆ ಹಿಡಿದುಕೊಂಡೇ ಬಂದ ಲೋಕಯ್ಯಣ್ಣ, "ಎಂತ ಮಾರಾಯ್ತಿ, ನೀನು ಮಾಡಿದ ಸಂಬಂಧ ಒಂದು ದಿನವೂ ನಿಲ್ಲಲಿಲ್ಲವಲ್ಲ. ಆದರೂ ಅಡ್ಡಿಯಿಲ್ಲ, ಮಳೆಗೆ ಮದುವೆ ಸಾಕು, ಸಂಸಾರ ಬೇಡ" ಎಂದರು. ಅಂದಿನಿಂದ ಇಂದಿನವರೆಗೆ ಯಾರ ಮನೆಯಲ್ಲಿ ಸಂಬಂಧದ ಮಾತೆತ್ತಿದರೂ ಮೂಲೆಯಲ್ಲಿ ಯಾರಾದರೊಬ್ಬರು ಟಿಂಕ್ ಟಿಂಕ್ ಎನ್ನುತ್ತಾರೆ.

ನಾನು ಓದಿದ್ದು ಊರ ಕನ್ನಡ ಶಾಲೆಯಲ್ಲಿ. ಅಲ್ಲಿ ನನಗೆ ಕಪ್ಪೆಯ ಬಗ್ಗೆ ಕಲಿಸಿದ್ದು ಅದು ನೀರಿನಲ್ಲಿಯೂ ನೆಲದಲ್ಲಿಯೂ ಬದುಕುತ್ತದೆ ಎಂದಷ್ಟೇ. ನೋಡಲು ಒಂದೇ ಆದ ಎರಡು ಕಪ್ಪೆ ಎರಡು ಆದದ್ದು ಹೇಗೆ, ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂದು ದೀಪ್ತಿಯನ್ನು ಕೂರಿಸಿ ಕೇಳಿದೆ. ಅವಳ ಅಧ್ಯಾಪಕರು ಆ ಮಳೆಗಾಲವಿಡೀ ಎರಡು ದಡಕ್ಕೂ ಬಂದು ಕಪ್ಪೆಗಳ ಸ್ವರ ಹಿಡಿದುಕೊಂಡು ಹೋದರು. ಇನ್ನೂ ಪರೀಕ್ಷೆಗಳು ಬಾಕಿ ಉಂಟಂತೆ, ಆದರೆ ಇವು ಎರಡು ಬೇರೆ ಪ್ರಭೇದಗಳೇ ಎಂದು ಅವರ ಅನುಮಾನ ಬಲವಾಗಿದೆಯಂತೆ. ನಮ್ಮ ಪಳ್ಳದ್ದು ಬೇರೆ ಎಲ್ಲಿಯೂ ಈವರೆಗೆ ಕಂಡಿಲ್ಲವಂತೆ. ಅವರಿಂದ ನನಗೆ ಅರ್ಥವಾದಷ್ಟನ್ನು ತಮಗೆ ಒಪ್ಪಿಸುತ್ತೇನೆ.

ಮಂಜೇಶ್ವರಕ್ಕೆ ಕೊಟ್ಟ ನನ್ನ ಅಕ್ಕ, ಊರಿನಲ್ಲಿಯೇ ಮದುವೆಯಾಗಿ ಗುಡ್ಡದಲ್ಲಿ ಉಳಿದ ನಾನು, ಇಬ್ಬರೂ ಪತ್ರೊಡೆ ಕಲಿತದ್ದು ಒಬ್ಬಳೇ ತಾಯಿಯಿಂದ. ಬದಲಾಯಿಸಬೇಕೆಂದು ಇಬ್ಬರೂ ಯಾವತ್ತೂ ಯೋಚಿಸಲಿಲ್ಲ. ಅವಳ ಗಂಡನಿಗೆ ಹುಳಿ ಆಗುವುದಿಲ್ಲ, ಒಂದು ಚೂರು ಕಡಿಮೆ ಮಾಡಿದಳು. ನನ್ನ ಅತ್ತೆಗೆ ಖಾರ ಬೇಕು, ಒಂದು ಚೂರು ಹೆಚ್ಚು ಮಾಡಿದೆ. ಅಲ್ಲಿಯ ಕೆಸುವಿನ ಎಲೆ ಬೇರೆ, ಇಲ್ಲಿಯ ಅಕ್ಕಿ ಬೇರೆ. ಇವತ್ತು ಅವಳ ಮಕ್ಕಳು ನಮ್ಮಲ್ಲಿಗೆ ಬಂದರೆ ಇದು ಪತ್ರೊಡೆಯೇ ಅಲ್ಲ ಎನ್ನುತ್ತಾರೆ, ಮೂತಿ ತಿರುಗಿಸಿಕೊಂಡು ಬಟ್ಟಲು ದೂಡುತ್ತಾರೆ. ಯಾವ ದಿನ ಅದು ಎರಡಾಯಿತು ಎಂದು ಕೇಳಿದರೆ ಹೇಳಲು ನನಗೂ ಆಗದು, ಅವಳಿಗೂ ಆಗದು. ಒಂದೇ ಅಡುಗೆಮನೆಯಲ್ಲಿ ಇದ್ದಿದ್ದರೆ ದಿನಾ ರುಚಿ ನೋಡಿ ಸರಿಮಾಡಿಕೊಳ್ಳುತ್ತಿದ್ದೆವು, ದೂರವಾದ ಕಾರಣ ಬೇರೆಯಾಯಿತು. ಕಪ್ಪೆಗಳದ್ದೂ ಹಾಗೆಯೇ. ಯಾವುದೋ ಕಾಲದಲ್ಲಿ ಒಂದೇ ಕುಟುಂಬ. ಗುಡ್ಡವನ್ನು ಕೊರೆಯುತ್ತ ಕೊರೆಯುತ್ತ ಹೊಳೆ ನಡುವೆ ಬಂತು. ಆಚೆಯ ಪಳ್ಳದ ಪಕ್ಕದಲ್ಲಿ ತೋಡು ಹರಿಯುತ್ತದೆ, ಅದರ ಗದ್ದಲದಲ್ಲಿ ತುರಿಯುವ ಸ್ವರ ಮುಳುಗುತ್ತದೆ, ಚಮಚದ ಸ್ವರ ಎದ್ದು ಕೇಳುತ್ತದೆ. ಎದ್ದು ಕೇಳಿದವನಿಗೆ ಹೆಣ್ಣು ಸಿಕ್ಕಿತು, ಅವನ ಮಕ್ಕಳು ಹೆಚ್ಚಾದರು, ಅವರಲ್ಲಿಯೂ ಇನ್ನಷ್ಟು ಚೂಪಾಗಿ ಕೂಗಿದವನದ್ದೇ ಮೇಲುಗೈಯಾಯಿತು. ಈಚೆಯದ್ದು ಬೋಳು ಪಾರೆ, ಬಿಸಿಲು ಬಿದ್ದರೆ ನೀರು ಬೇಗ ಆರುತ್ತದೆ. ಇಲ್ಲಿ ಬೇಗ ಕಾಲು ಮೂಡಿಸಿಕೊಂಡ ಮರಿಗಳು ಬದುಕಿದವು, ನಿಧಾನದವು ಕೆಸರಿನಲ್ಲಿ ಒಣಗಿ ಸತ್ತವು. ಯಾವ ಕಪ್ಪೆಯೂ ಬೆಳಿಗ್ಗೆ ಎದ್ದು ಇವತ್ತಿನಿಂದ ನಾನು ಬೇರೆ ಎಂದು ಹೇಳಲಿಲ್ಲ. ತಾಯಿ ಮಗಳು ಯಾವತ್ತೂ ಒಂದೇ ಪ್ರಭೇದದವರು. ಆದರೆ ಲಕ್ಷ ವರ್ಷದ ಹಿಂದಿನ ಅಜ್ಜಿ ಈಗ ಎದ್ದು ಬಂದರೆ ಮೊಮ್ಮಕ್ಕಳ ಕೂಗು ಅವಳಿಗೆ ಗುರುತು ಸಿಗಲಿಕ್ಕಿಲ್ಲ.

ಜಾತಿ ಎಂಬ ಶಬ್ದವನ್ನು ನಾನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ, ದೀಪ್ತಿ ಹೇಳಿಕೊಟ್ಟ ಪ್ರಭೇದ ಎಂಬುದನ್ನೇ ಬರೆದಿದ್ದೇನೆ. ಮನುಷ್ಯರಲ್ಲಿ ಜಾತಿ ಬೇರೆ, ಭಾಷೆ ಬೇರೆ ಎಂದು ಎಷ್ಟು ಕೂಗಾಡಿದರೂ ಓಡಿಹೋಗಿ ಮದುವೆಯಾದವರಿಗೆ ಮಕ್ಕಳಾಗುತ್ತವೆ, ಚಂದದ ಮಕ್ಕಳೇ ಆಗುತ್ತವೆ. ನನ್ನ ಚಿಕ್ಕಮ್ಮ ಮಲಯಾಳದ ಮನೆಗೆ ಹೋದವಳು, ವರ್ಷ ತುಂಬುವುದರೊಳಗೆ ಅತ್ತೆಯ ಜೊತೆ ಮಲಯಾಳದಲ್ಲಿಯೇ ಜಗಳ ಮಾಡುವಷ್ಟು ಕಲಿತಳು. ನಮ್ಮ ಬಸ್ಸಿನ ಕಂಡಕ್ಟರು ಟಿಕೆಟು ಕೊಡುವುದು ಒಂದು ಭಾಷೆಯಲ್ಲಿ, ಚಿಲ್ಲರೆ ಕೇಳುವುದು ಇನ್ನೊಂದರಲ್ಲಿ, ಬೈಯುವುದು ಮತ್ತೊಂದರಲ್ಲಿ. ಕಪ್ಪೆಗೆ ಈ ಅನುಕೂಲ ಇಲ್ಲ. ಎರಡನೆಯ ಭಾಷೆ ಕಲಿಸುವ ಶಾಲೆ ಪಳ್ಳದಲ್ಲಿ ಇಲ್ಲ. ಹುಟ್ಟುವಾಗ ಬಂದ ಒಂದು ಕೂಗು, ಅದನ್ನು ಹಿಡಿಯುವ ಒಂದು ಕಿವಿ, ಅಷ್ಟರಲ್ಲಿಯೇ ಸಂಸಾರ ಆಗಬೇಕು.

ಈಗ ತಮ್ಮ ಸ್ಥಳಾಂತರಕ್ಕೆ ಬರುತ್ತೇನೆ. ನಮ್ಮ ಪಳ್ಳದ ಕಪ್ಪೆಗಳನ್ನು ಬುಟ್ಟಿಯಲ್ಲಿ ತುಂಬಿ ಹೊಳೆಯಾಚೆ ಬಿಟ್ಟಿರಿ ಎಂದು ಇಟ್ಟುಕೊಳ್ಳುವ. ಅವು ಆ ದಿನವೇ ಸಾಯಲಿಕ್ಕಿಲ್ಲ. ತಮ್ಮ ಸಿಬ್ಬಂದಿ ಫೋಟೊ ತೆಗೆಯಬಹುದು, ಪತ್ರಿಕೆಯಲ್ಲಿ ಹಾಕಿಸಬಹುದು. ಆಮೇಲೆ? ತೋಡಿನ ಗದ್ದಲದಲ್ಲಿ ನಮ್ಮ ಗಂಡುಗಳ ಕೂಗು ಕೇಳಿಸುವುದಿಲ್ಲ. ನಮ್ಮ ಹೆಣ್ಣುಗಳು ಸುತ್ತಲೂ ಟಿಂಕ್ ಟಿಂಕ್ ಕೇಳುತ್ತ ಯಾರೂ ತಮ್ಮವರಿಲ್ಲವೆಂದು ಕೂತಿರುತ್ತವೆ. ಅಪ್ಪಿತಪ್ಪಿ ಒಂದೆರಡು ಜೊತೆಯಾದರೂ ಮಿಶ್ರದ ಮೊಟ್ಟೆಗಳಲ್ಲಿ ಹೆಚ್ಚಿನವು ಮರಿಯಾಗದಿರಬಹುದು, ಆದ ಮರಿಗಳು ಆಚೆಗೂ ಸಲ್ಲದೆ ಈಚೆಗೂ ಸಲ್ಲದೆ ಹೋಗಬಹುದು ಎನ್ನುತ್ತಾಳೆ ದೀಪ್ತಿ. ಅಂದರೆ ಕಪ್ಪೆಗಳು ಬದುಕಿರುತ್ತವೆ, ಅವಕ್ಕೆ ಮಕ್ಕಳಿರುವುದಿಲ್ಲ. ಕೊನೆಯದು ಕಣ್ಣು ಮುಚ್ಚಿದ ದಿನ ಒಂದು ಪ್ರಭೇದ ಮುಗಿಯಿತು, ತಮ್ಮ ಕಡತದಲ್ಲಿ ಮಾತ್ರ 'ಸುರಕ್ಷಿತವಾಗಿ ಸ್ಥಳಾಂತರಿಸಲಾಗಿದೆ' ಎಂದು ಉಳಿಯುತ್ತದೆ. ನಾನು ತಂದ ಒಬ್ಬ ಮದುಮಗನನ್ನು ಮರುದಿನವೇ ಹಿಂದಕ್ಕೆ ಮುಟ್ಟಿಸಲಿಕ್ಕಾದರೂ ಆಯಿತು, ಅವನ ಪಳ್ಳ ಅಲ್ಲಿಯೇ ಇತ್ತು. ತಾವು ಪಳ್ಳವನ್ನೇ ಮುಚ್ಚಿದ ಮೇಲೆ ತಪ್ಪು ಗೊತ್ತಾದರೆ ಇವನ್ನು ಎಲ್ಲಿಗೆ ಮುಟ್ಟಿಸುತ್ತೀರಿ? ಸಿಮೆಂಟು ಕಪ್ಪೆಯ ಬಾಯಿಗೆ?

ಇನ್ನೂ ಒಂದು ಸಣ್ಣ ತೊಂದರೆ ಉಂಟು. ಈಗ ಬೇಸಗೆಯ ಕೊನೆ. ಕಪ್ಪೆಗಳು ಪಳ್ಳದ ತಳದ ಕಲ್ಲಿನ ಬಿರುಕುಗಳ ಒಳಗೆ, ಆಳದ ತಂಪಿನಲ್ಲಿ ಮಲಗಿವೆ. ರಸ್ತೆ ಬದಿಯಲ್ಲಿ ತಮ್ಮ ಜೆಸಿಬಿ ಬಂದು ನಿಂತಿದೆ. ಸ್ಥಳಾಂತರದ ಆದೇಶವನ್ನು ಅವಕ್ಕೆ ಯಾರು ಓದಿ ಹೇಳುತ್ತಾರೆ, ಬಿರುಕಿನೊಳಗೆ ಬಗ್ಗಿ ಮಲಯಾಳದಲ್ಲಿಯೇ ಓದುವುದೋ? ಮಾರ್ಚ್ ತಿಂಗಳಲ್ಲಿ ಬಂದು ಜಲಮೂಲ ಇಲ್ಲ ಎಂದು ಬರೆದ ತಮ್ಮ ತಂಡಕ್ಕೆ ನನ್ನದೊಂದು ಪ್ರಶ್ನೆ. ಆಟಿ ತಿಂಗಳಲ್ಲಿ ಕಲ್ಯಾಣಮಂಟಪಕ್ಕೆ ಹೋಗಿ, ಬೀಗ ನೋಡಿ, ಈ ಊರಿನಲ್ಲಿ ಯಾರೂ ಮದುವೆಯಾಗುವುದಿಲ್ಲ ಎಂದು ವರದಿ ಬರೆದರೆ ತಾವು ಸಹಿ ಹಾಕುತ್ತೀರಾ? ಹಾಕುತ್ತೀರಿ ಎಂದಾದರೆ ನನಗೆ ಬೇರೆ ಮಾತಿಲ್ಲ.

ದೀಪ್ತಿಯ ಅಧ್ಯಾಪಕರು ತಮ್ಮ ಕಚೇರಿಗೆ ಹೋಗಿ ಇದನ್ನೇ ಹೇಳಿದಾಗ, ಹೆಸರಿಲ್ಲದ ಪ್ರಾಣಿಗೆ ರಕ್ಷಣೆ ಕೊಡಲು ನಿಯಮ ಇಲ್ಲ, ಮೊದಲು ಹೆಸರಿಟ್ಟುಕೊಂಡು ಬನ್ನಿ ಎಂದರಂತೆ. ಅದಕ್ಕೆ ವರ್ಷಗಳು ಹಿಡಿಯುತ್ತವಂತೆ. ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಹುಟ್ಟಿ ಎಷ್ಟೋ ದಿನ ಕಳೆದ ಮೇಲೆ. ಅಷ್ಟರವರೆಗೆ ಅದು ಹಾಲು ಕುಡಿಯುವುದಿಲ್ಲವೋ, ಅಳುವುದಿಲ್ಲವೋ, ಮನೆಯವರ ನಿದ್ದೆ ಕೆಡಿಸುವುದಿಲ್ಲವೋ? ತೊಟ್ಟಿಲಿನಲ್ಲಿರುವ ಕೂಸನ್ನು ನೋಡಿ ಹೆಸರಿಲ್ಲದ್ದರಿಂದ ಈ ತೊಟ್ಟಿಲು ಖಾಲಿ ಎಂದು ಯಾರ ಮನೆಯಲ್ಲಿ ಹೇಳಿದ್ದು ಉಂಟು? ಹೆಸರಿನ ಶಾಸ್ತ್ರ ನಿಧಾನವಾಗಲಿ, ತೊಟ್ಟಿಲು ಕಳಚಬೇಡಿ.

ನಾನು ದೈವ ದೇವರನ್ನು ನಂಬಿದವಳು. ಈ ವಿಕಾಸದ ಮಾತೆಲ್ಲ ಕೇಳಿದರೆ ದೇವರಿಗೆ ಕಡಿಮೆಯಾಗುತ್ತದೆಯೋ ಎಂದು ಮೊದಲು ನನಗೂ ಅಳುಕು ಬಂತು. ಸೃಷ್ಟಿ ಎಂದರೆ ಒಮ್ಮೆ ಮಾಡಿ ಮುಗಿಸಿದ ಕೆಲಸ, ಮಾಡಿದವನು ಕೈ ತೊಳೆದುಕೊಂಡು ಹೋಗಿದ್ದಾನೆ, ಇನ್ನು ನಾವು ಪಾತ್ರೆ ತೊಳೆದರೆ ಸಾಕು ಎಂದೇ ನಾನು ತಿಳಿದಿದ್ದೆ. ಈಗ ಬೇರೆ ಹಾಗೆ ಕಾಣುತ್ತದೆ. ಅವನು ಕೈ ತೊಳೆದೇ ಇಲ್ಲ, ಬೆರಳಿನಲ್ಲಿ ಇನ್ನೂ ಹಿಟ್ಟು ಉಂಟು. ನಮ್ಮ ಮನೆಯ ಹಿಂದಿನ ಪಾರೆಯ ಮೇಲೆಯೇ, ಹಬ್ಬದ ರಜೆ ಕೂಡ ತೆಗೆದುಕೊಳ್ಳದೆ, ಒಂದು ಕಪ್ಪೆಯನ್ನು ಎರಡು ಮಾಡುವ ಕೆಲಸ ನಡೆಯುತ್ತಾ ಇತ್ತು. ನಾನು ಹುಟ್ಟಿದಾಗಿನಿಂದ ಆ ಕರ್ರ್ ಕರ್ರ್ ಕೇಳುತ್ತ ಮಲಗಿದ್ದೇನೆ, ಅದು ಅವನ ಅಡುಗೆಮನೆಯ ಸದ್ದು ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಪಳ್ಳದ ಹತ್ತಿರ ಹೋಗುವಾಗ ನಾನು ಚಪ್ಪಲಿ ಕಳಚುತ್ತೇನೆ. ತಾವು ಕಳಚಬೇಕೆಂದು ಹೇಳುವುದಿಲ್ಲ, ಮುರಕಲ್ಲು ಅಭ್ಯಾಸ ಇಲ್ಲದವರ ಪಾದಕ್ಕೆ ಚುಚ್ಚುತ್ತದೆ. ಒಲೆಯ ಮೇಲೆ ಬೇಯುತ್ತಿರುವ ಪಾತ್ರೆಯನ್ನು ಇಳಿಸಬೇಡಿ ಎಂದು ಮಾತ್ರ ಹೇಳುತ್ತೇನೆ.

ಉದ್ಯಾನ ಬೇಡ ಎಂದು ನಾನು ಹೇಳುತ್ತಿಲ್ಲ. ಲೋಕಯ್ಯಣ್ಣನಿಗೆ ಸಂಜೆ ಕೂರಲು ಒಂದು ಬೆಂಚು ಬೇಕೇಬೇಕು, ನಮ್ಮ ಅಂಗಳದಲ್ಲಿ ಅವರು ಕೂರುವುದು ಅಷ್ಟು ಕಡಿಮೆಯಾದರೆ ನನಗೂ ಬೇಡವೆಂದಿಲ್ಲ. ರಸ್ತೆಯ ಪಕ್ಕದಲ್ಲಿ ಹಿಂದೆ ಕಲ್ಲು ಕಡಿದು ಬಿಟ್ಟ ಸಮತಟ್ಟು ಜಾಗ ಉಂಟು. ಅಲ್ಲಿ ಬೆಂಚು ಹಾಕಿ, ಇಂಟರ್‌ಲಾಕ್ ಹಾಸಿ, ಸಿಮೆಂಟು ಕಪ್ಪೆಯನ್ನೂ ಕೂರಿಸಿ, ಕಸವನ್ನೂ ತಿನ್ನಿಸಿ. ಪಳ್ಳವನ್ನೂ ಅದಕ್ಕೆ ನೀರು ಹರಿದು ಬರುವ ಇಳಿಜಾರನ್ನೂ ಮುಟ್ಟಬೇಡಿ. ಜೆಸಿಬಿಯನ್ನು ಹಿಂದಕ್ಕೆ ಕರೆಸಿಕೊಳ್ಳಿ. 'ಅವೇ ಕಪ್ಪೆಗಳು' ಎಂದು ಬರೆದ ಆ ಸಾಲನ್ನು ಹೊಡೆದುಹಾಕಿ. ನನ್ನ ಮಾತು ನಂಬಬೇಡಿ, ಮೊದಲ ಮಳೆ ಬಿದ್ದ ಸಂಜೆ ತಾವೇ ಬನ್ನಿ. ನಮ್ಮ ಪಳ್ಳದ ದಡದಲ್ಲಿ ಮಾತಾಡದೆ ಸ್ವಲ್ಪ ಹೊತ್ತು ನಿಲ್ಲಿ. ಆಮೇಲೆ ಸೇತುವೆ ಸುತ್ತಿ ಹೊಳೆಯಾಚೆಗೆ ಹೋಗಿ ಅಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಿ. ಎರಡೂ ಒಂದೇ ಎಂದು ತಮ್ಮ ಕಿವಿಗೆ ಅನ್ನಿಸಿದರೆ ನಾನು ಮತ್ತೆ ತಮ್ಮ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಬೇರೆ ಎಂದು ಅನ್ನಿಸಿದರೆ ನಮ್ಮಲ್ಲಿಗೆ ಬಂದು ಪತ್ರೊಡೆ ತಿಂದು ಹೋಗಿ, ಗುಡ್ಡದ್ದು, ಖಾರ ಸ್ವಲ್ಪ ಹೆಚ್ಚು.

ಉತ್ತರವನ್ನು ಅಂಚೆಗೆ ಹಾಕಬೇಡಿ, ಅದು ಬಂದು ಮುಟ್ಟುವುದರೊಳಗೆ ಜೆಸಿಬಿ ಗುಡ್ಡ ಹತ್ತಿರುತ್ತದೆ. ಸೋಮವಾರ ರಿಕ್ಷಾದ ಯೋಗೀಶನನ್ನೇ ತಮ್ಮ ಕಚೇರಿಗೆ ಕಳಿಸುತ್ತೇನೆ, ಬಾಗಿಲಿನ ಹತ್ತಿರ ನಿಂತಿರುತ್ತಾನೆ. ನಾಳೆ ಬಾ ಎನ್ನದೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅವನ ಕೈಯಲ್ಲಿ ಕೊಟ್ಟರೆ ಸಾಕು. ಡಬ್ಬಿಯಲ್ಲಿ ಮದುಮಗನನ್ನು ತಂದವನೂ ಅವನೇ, ಹಿಂದಕ್ಕೆ ಮುಟ್ಟಿಸಿದವನೂ ಅವನೇ. ಯಾವ ದಡದ್ದನ್ನು ಯಾವ ದಡಕ್ಕೆ ಮುಟ್ಟಿಸಬೇಕೆಂದು ಅವನಿಗೆ ಈಗ ಚೆನ್ನಾಗಿ ಗೊತ್ತುಂಟು.

ಇಂತಿ,
ಬರಿ ಕೇಳಿ, ಸ್ವರ ಕೇಳದೆ ಸಂಬಂಧ ಕೂಡಿಸಿದ
ಲೋಲಾಕ್ಷಿ
(ಹೆಣ್ಣಿನ ಕಡೆಯವಳು)